ಕೆಂಪೇರುವ ಕೆನ್ನೆ, ಉರಿಯುವ ಮುಖ

ಓಟದ ಪಂದ್ಯ ಮುಗಿಸಿ ಬಂದ ಹುಡುಗನ ಮುಖ ಕೆಂಪಾಗಿರುತ್ತದೆ. ಒಲೆಯ ಮುಂದೆ ಒಂದು ಗಂಟೆ ಕೂತು ರೊಟ್ಟಿ ಬಡಿದ ತಾಯಿಯ ಮುಖವೂ ಕೆಂಪಾಗುತ್ತದೆ. ತರಗತಿಯಲ್ಲಿ ಇದ್ದಕ್ಕಿದ್ದಂತೆ ಎಬ್ಬಿಸಿ ಪ್ರಶ್ನೆ ಕೇಳಿದರೆ ಕೆಲವು ಮಕ್ಕಳ ಕೆನ್ನೆ, ಕಿವಿಗಳು ರಂಗೇರುತ್ತವೆ. ಇದರಲ್ಲಿ ರೋಗವೇನೂ ಇಲ್ಲ. ಮೈ ಬಿಸಿಯಾದಾಗ ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗಿ, ಹೆಚ್ಚು ರಕ್ತ ಮೇಲ್ಮೈಗೆ ಬಂದು ಒಳಗಿನ ಶಾಖ ಹೊರಗೆ ಹೋಗುತ್ತದೆ. ಮನಸ್ಸು ಕಲಕಿದಾಗಲೂ ನರಗಳು ಇದೇ ನಾಳಗಳನ್ನು ಹಿಗ್ಗಿಸುತ್ತವೆ. ಸ್ವಲ್ಪ ಹೊತ್ತಿನಲ್ಲಿ ನಾಳಗಳು ಕುಗ್ಗುತ್ತವೆ, ಮುಖ ಮೊದಲಿನಂತಾಗುತ್ತದೆ.

ಆದರೆ ಕೆಲವರಲ್ಲಿ ಹಾಗಾಗುವುದಿಲ್ಲ. ಸಣ್ಣ ಕಾರಣಕ್ಕೂ ನಾಳಗಳು ಹಿಗ್ಗುತ್ತವೆ, ಕುಗ್ಗಲು ತಡ ಮಾಡುತ್ತವೆ. ವರ್ಷಗಳು ಕಳೆದಂತೆ ಮೂಗು, ಕೆನ್ನೆ, ಗಲ್ಲ, ಹಣೆಯ ನಡುಭಾಗದಲ್ಲಿ ಕೆಂಪು ಖಾಯಂ ಆಗಿ ನಿಲ್ಲುತ್ತದೆ. ಅದರ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಸೋಪು ಹಚ್ಚಿದರೆ ಚುರ್ರೆನ್ನುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಈ ತೊಂದರೆಗೆ ವೈದ್ಯರು ಇಟ್ಟ ಹೆಸರು ರೊಸೇಶಿಯಾ. ಗುಲಾಬಿ ಬಣ್ಣವನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದ ಹೆಸರಿದು. ಹೆಸರೇನೋ ಚೆಂದ, ಅನುಭವಿಸುವವರ ಪಾಡು ಮಾತ್ರ ಚೆಂದವಲ್ಲ.

ಇದು ಅಂಟುರೋಗವಲ್ಲ, ಕೊಳೆಯಿಂದ ಬರುವುದೂ ಅಲ್ಲ. ಪೂರ್ತಿ ಗುಣವಾಗಿ ಮತ್ತೆಂದೂ ಬಾರದಂತೆ ಮಾಡುವ ಮದ್ದು ಇನ್ನೂ ಇಲ್ಲ. ಆದರೆ ಚೆನ್ನಾಗಿ ಹತೋಟಿಯಲ್ಲಿಡಬಹುದು. ಅದಕ್ಕೆ ಮೊದಲು ಬೇಕಾದದ್ದು ಮುಖಕ್ಕೆ ಕಂಡದ್ದನ್ನೆಲ್ಲ ಹಚ್ಚುವುದನ್ನು ನಿಲ್ಲಿಸುವುದು.

ಚಿತ್ರದಲ್ಲಿರುವ ಅಜ್ಜ

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಟಲಿಯ ಕಲಾವಿದ ಡೊಮೆನಿಕೊ ಗಿರ್ಲಾಂಡಾಯೊ 1490ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಮುದುಕನೊಬ್ಬ ತನ್ನ ಮೊಮ್ಮಗನನ್ನು ಅಪ್ಪಿ ಹಿಡಿದಿದ್ದಾನೆ. ಮಗು ತಲೆಯೆತ್ತಿ ಅಜ್ಜನನ್ನೇ ನೋಡುತ್ತಿದೆ. ಅಜ್ಜನ ಮೂಗು ಗಂಟುಗಂಟಾಗಿ ಊದಿಕೊಂಡಿದೆ. ಚಿತ್ರಕಾರ ಅದನ್ನು ಮರೆಮಾಚಲಿಲ್ಲ, ಇದ್ದದ್ದನ್ನು ಇದ್ದಂತೆ ಬರೆದ. ಇಂದಿನ ವೈದ್ಯರು ಆ ಮೂಗನ್ನು ನೋಡಿ ‘ರೈನೊಫೈಮಾ’ ಎಂದು ಗುರುತಿಸುತ್ತಾರೆ. ರೊಸೇಶಿಯಾ ಬಲಿತಾಗ ಕೆಲವರಲ್ಲಿ, ಅದರಲ್ಲೂ ಗಂಡಸರಲ್ಲಿ, ಮೂಗಿನ ಚರ್ಮ ಹೀಗೆ ದಪ್ಪಗಾಗುತ್ತದೆ.

ಕೆಂಪು ಮೂಗಿನವರೆಲ್ಲ ಕುಡುಕರು ಎಂಬ ಮಾತು ಬಹಳ ಹಳೆಯದು. ಇದು ತಪ್ಪು. ಮದ್ಯ ಕುಡಿದಾಗ ಕೆಂಪು ಹೆಚ್ಚಬಹುದು ನಿಜ, ಆದರೆ ಜನ್ಮದಲ್ಲಿ ಒಂದು ಹನಿ ಮುಟ್ಟದವರಿಗೂ ರೊಸೇಶಿಯಾ ಬರುತ್ತದೆ. ಮುಖ ನೋಡಿ ನಡತೆ ಅಳೆಯುವುದು ಯಾವ ಕಾಲಕ್ಕೂ ಸಲ್ಲದು.

ಮೊಡವೆಯೋ, ರೊಸೇಶಿಯಾವೋ?

ಮೊಡವೆ ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ರೊಸೇಶಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೂವತ್ತು ದಾಟಿದ ಮೇಲೆ. ಆದ್ದರಿಂದ ಒಂದೇ ಮನೆಯಲ್ಲಿ ಮಗಳಿಗೆ ಮೊಡವೆ, ತಾಯಿಗೆ ರೊಸೇಶಿಯಾ ಇರುವುದು ಸಾಧ್ಯ. ಇಬ್ಬರೂ ಒಂದೇ ಕನ್ನಡಿಯ ಮುಂದೆ ನಿಂತು, ಇಬ್ಬರಿಗೂ ಇರುವುದು ಒಂದೇ ಎಂದುಕೊಳ್ಳುವುದೂ ಸಾಧ್ಯ.

ವ್ಯತ್ಯಾಸ ತಿಳಿಯಲು ಒಂದು ಸುಳಿವಿದೆ. ಮೊಡವೆಯಿರುವ ಮುಖದಲ್ಲಿ ರೋಮರಂಧ್ರಗಳು ಜಿಡ್ಡಿನಿಂದ ಮುಚ್ಚಿಕೊಂಡು ಕಪ್ಪು ಅಥವಾ ಬಿಳಿ ತಲೆಯ ಸಣ್ಣ ಚುಕ್ಕೆಗಳಾಗಿರುತ್ತವೆ. ರೊಸೇಶಿಯಾದಲ್ಲಿ ಈ ಚುಕ್ಕೆಗಳಿರುವುದಿಲ್ಲ. ಅದರ ಬದಲು ಮುಖದ ನಡುಭಾಗ ಆಗಾಗ ಬಿಸಿಯಾಗಿ ಕೆಂಪೇರುವುದು, ಉರಿಯುವುದು, ದಾರದೆಳೆಯಂಥ ರಕ್ತನಾಳಗಳು ಕಾಣುವುದು ಇದರ ಲಕ್ಷಣ.

ಇಲ್ಲಿ ನಮ್ಮವರಿಗೊಂದು ತೊಡಕಿದೆ. ವೈದ್ಯಕೀಯ ಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿಯ ಚರ್ಮದವರ ಮುಖ. ಅಲ್ಲಿ ಕೆಂಪು ಢಾಳಾಗಿ ಕಾಣುತ್ತದೆ. ಎಣ್ಣೆಗೆಂಪು ಅಥವಾ ಕಪ್ಪು ಮೈಬಣ್ಣದವರಲ್ಲಿ ಅದೇ ಕೆಂಪು ಮಬ್ಬಾಗಿ, ಕಂದು ಅಥವಾ ನೇರಳೆ ಛಾಯೆಯಲ್ಲಿ ಕಂಡೀತು, ಕೆಲವೊಮ್ಮೆ ಕಾಣದೆಯೂ ಹೋದೀತು. ಹಾಗಾಗಿ ಇಂಥವರಲ್ಲಿ ರೋಗ ತಡವಾಗಿ ಪತ್ತೆಯಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಮುಖ ಕಾದಂತೆ ಅನ್ನಿಸುವುದು, ಚುಚ್ಚುವುದು, ಯಾವ ಕ್ರೀಮು ಹಚ್ಚಿದರೂ ಉರಿಯುವುದು ಇದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಕಣ್ಣಿನ ವಿಷಯವನ್ನೂ ಮರೆಯುವಂತಿಲ್ಲ. ರೊಸೇಶಿಯಾ ಇರುವ ಅನೇಕರಲ್ಲಿ ಕಣ್ಣು ಕೆಂಪಾಗಿ, ಒಣಗಿ, ಮರಳು ಬಿದ್ದಂತೆ ಒತ್ತುತ್ತದೆ. ರೆಪ್ಪೆಯ ಅಂಚು ಊದಿಕೊಳ್ಳುತ್ತದೆ. ಅಲಕ್ಷ್ಯ ಮಾಡಿದರೆ ಕಣ್ಣಿನ ಪಾರದರ್ಶಕ ಪಟಲಕ್ಕೇ ಧಕ್ಕೆಯಾಗಬಹುದು. ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಕಣ್ಣಿನ ವೈದ್ಯರನ್ನು ಕೂಡಲೇ ಕಾಣಬೇಕು.

ಕೆಂಪು ಮುಖವೆಲ್ಲ ರೊಸೇಶಿಯಾ ಅಲ್ಲ ಎಂಬುದೂ ನೆನಪಿರಲಿ. ತಲೆಗೂದಲಿಗೆ ಹಚ್ಚುವ ಬಣ್ಣ ಒಗ್ಗದೆ ಮುಖ ಊದಿಕೊಳ್ಳಬಹುದು. ಎರಡೂ ಕೆನ್ನೆಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡಿ, ಜೊತೆಗೆ ಜ್ವರ, ಕೀಲುನೋವು, ವಿಪರೀತ ಆಯಾಸವಿದ್ದರೆ ಅದು ಲೂಪಸ್ ಎಂಬ ಬೇರೆಯೇ ಕಾಯಿಲೆಯಿರಬಹುದು. ಆದ್ದರಿಂದ ಕನ್ನಡಿ ನೋಡಿಕೊಂಡು ತಾವೇ ತೀರ್ಪು ಕೊಡುವುದು ಬೇಡ.

ಒಳಗೆ ನಡೆಯುವುದೇನು?

ನಮ್ಮ ಚರ್ಮ ಕ್ರಿಮಿಗಳನ್ನು ಕೊಲ್ಲಲು ತಾನೇ ಕೆಲವು ಸಣ್ಣ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ. ಅವುಗಳಲ್ಲಿ ಒಂದರ ಹೆಸರು ಕ್ಯಾಥೆಲಿಸಿಡಿನ್. ರೊಸೇಶಿಯಾ ಇರುವವರ ಮುಖದಲ್ಲಿ ಇದು ಅತಿಯಾಗಿರುವುದಲ್ಲದೆ, ಕತ್ತರಿಸಬಾರದ ಕಡೆ ಕತ್ತರಿಸಿಕೊಂಡು ಉರಿಯೂತ ಎಬ್ಬಿಸುತ್ತದೆ ಎಂದು ಅಮೆರಿಕದ ಸಂಶೋಧಕರು 2007ರಲ್ಲಿ ತೋರಿಸಿದರು. ಮನೆ ಕಾಯಬೇಕಾದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ.

ಎರಡನೆಯ ಪಾತ್ರಧಾರಿ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ. ಗಾಬರಿ ಬೇಡ, ದೊಡ್ಡವರಾದ ಬಹುತೇಕ ಎಲ್ಲರ ಮುಖದಲ್ಲೂ ರೋಮದ ಬುಡದಲ್ಲಿ ಇದು ವಾಸಿಸುತ್ತದೆ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ರೊಸೇಶಿಯಾ ಇರುವವರಲ್ಲಿ ಇದರ ಸಂಖ್ಯೆ ಹೆಚ್ಚಿರುವುದು ಕಂಡುಬಂದಿದೆ.

ಮೂರನೆಯದು ನರಗಳ ಕಥೆ, ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದು. ಮೆಣಸಿನಕಾಯಿ ತಿಂದರೆ ಬಾಯಿ ‘ಉರಿಯುತ್ತದೆ’ ಎನ್ನುತ್ತೇವಲ್ಲ, ಅಲ್ಲಿ ಬೆಂಕಿ ಎಲ್ಲಿದೆ? ನಮ್ಮ ನರತುದಿಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವನ್ನು ಗುರುತಿಸುವ ಒಂದು ಗ್ರಾಹಕವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದೇ ಗ್ರಾಹಕವನ್ನು ಒತ್ತುತ್ತದೆ. ಮಿದುಳಿಗೆ ಹೋಗುವ ಸುದ್ದಿ ಒಂದೇ: ‘ಸುಡುತ್ತಿದೆ!’ 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಖಾರದ ಊಟವೂ ಒಲೆಯ ಝಳವೂ ಕೆಲವರ ಮುಖವನ್ನು ಒಂದೇ ರೀತಿ ಕೆಂಪಾಗಿಸುವುದು ಏಕೆಂದು ಇದರಿಂದ ಊಹಿಸಬಹುದು.

ಹಾಗಾದರೆ ಕಾಫಿ ಬಿಡಬೇಕೇ? ಕಾಫಿಪ್ರಿಯರಿಗೆ ಇಲ್ಲೊಂದು ಸಮಾಧಾನದ ಸುದ್ದಿಯಿದೆ. 1981ರಲ್ಲಿ ಜೊನಾಥನ್ ವಿಲ್ಕಿನ್ ಎಂಬ ವೈದ್ಯರು ರೊಸೇಶಿಯಾ ಇರುವವರಿಗೆ 60 ಡಿಗ್ರಿಯ ಬಿಸಿ ಕಾಫಿ, ಅಷ್ಟೇ ಬಿಸಿಯ ಬರೀ ನೀರು, 22 ಡಿಗ್ರಿಯ ತಣ್ಣನೆ ಕಾಫಿ ಇವನ್ನೆಲ್ಲ ಕುಡಿಸಿ ನೋಡಿದರು. ಬಿಸಿ ಕಾಫಿಗೆ ಮುಖ ಕೆಂಪೇರಿತು, ಬಿಸಿನೀರಿಗೂ ಏರಿತು. ತಣ್ಣನೆ ಕಾಫಿಗೆ ಏರಲಿಲ್ಲ. ತಪ್ಪು ಕಾಫಿಯದಲ್ಲ, ಬಿಸಿಯದು! ಹಬೆಯಾಡುವ ಲೋಟವನ್ನು ಐದು ನಿಮಿಷ ಆರಲು ಬಿಟ್ಟರೆ ಸಾಕು.

ಇಟ್ಟಿಗೆ ಗೋಡೆಯ ಪಾಠ

ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಇಟ್ಟಿಗೆಗಳಂತೆ ಜೋಡಿಸಿದ ಈ ಕೋಶಗಳ ನಡುವೆ ಗಾರೆಯಂತೆ ಕೊಬ್ಬಿನ ವಸ್ತುಗಳು ತುಂಬಿವೆ. ಈ ಗೋಡೆ ಗಟ್ಟಿಯಾಗಿದ್ದರೆ ಒಳಗಿನ ನೀರು ಆರಿಹೋಗದು, ಹೊರಗಿನ ಕಿರಿಕಿರಿಯ ವಸ್ತು ಒಳನುಗ್ಗದು. ‘ಸೂಕ್ಷ್ಮ ಚರ್ಮ’ ಎನ್ನುವವರ ಮುಖದಲ್ಲಿ ಬಹಳಷ್ಟು ಸಲ ಈ ಗಾರೆಯೇ ಕಿತ್ತುಹೋಗಿರುತ್ತದೆ.

ಕೀಳುವವರು ಯಾರು? ಎಷ್ಟೋ ಸಲ ನಾವೇ. ಆರೋಗ್ಯವಂತ ಚರ್ಮದ ಪಿ.ಎಚ್. ಸುಮಾರು 5, ಅಂದರೆ ಕೊಂಚ ಆಮ್ಲೀಯ. ಸಾಮಾನ್ಯ ಸೋಪಿನದು 9ರಿಂದ 10, ಅಂದರೆ ಕ್ಷಾರ. ಪಿ.ಎಚ್. ಮಾಪಕದಲ್ಲಿ ಒಂದು ಅಂಕಿ ಬದಲಾದರೆ ಹತ್ತು ಪಟ್ಟು ವ್ಯತ್ಯಾಸ ಎಂದು ಪ್ರೌಢಶಾಲೆಯ ಮಕ್ಕಳು ಓದಿರುತ್ತಾರೆ. ಅಂದಮೇಲೆ 5ಕ್ಕೂ 9ಕ್ಕೂ ನಡುವಿನ ಅಂತರ ಹತ್ತು ಸಾವಿರ ಪಟ್ಟು. ದಿನಕ್ಕೆ ನಾಲ್ಕೈದು ಸಲ ಸೋಪು ಹಚ್ಚಿ ಉಜ್ಜಿದರೆ ಗಾರೆ ಉಳಿದೀತೇ?

ನಿಂಬೆರಸ ಇನ್ನೊಂದು ತುದಿ. ಅದರ ಪಿ.ಎಚ್. 2ರ ಆಸುಪಾಸು, ಚರ್ಮಕ್ಕಿಂತ ಸಾವಿರ ಪಟ್ಟು ಆಮ್ಲೀಯ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಕಪ್ಪು ಕಲೆ ಏಳುವುದೂ ಉಂಟು. ಅಡುಗೆ ಸೋಡಾ, ಟೂತ್‌ಪೇಸ್ಟು, ಒರಟಾದ ಹಿಟ್ಟು ಹಾಕಿ ತಿಕ್ಕುವುದು, ಬಿಸಿನೀರಿನ ಹಬೆ ಹಿಡಿಯುವುದು ಇವೆಲ್ಲ ಉರಿಯುವ ಮುಖಕ್ಕೆ ಉಪ್ಪು ಸವರಿದಂತೆ. ಮನೆಯಲ್ಲಿ ತಯಾರಾದದ್ದೆಂಬ ಕಾರಣಕ್ಕೆ ಯಾವುದೂ ಸೌಮ್ಯವಾಗಿಬಿಡುವುದಿಲ್ಲ.

ಔಷಧದಂಗಡಿಯ ಆ ಟ್ಯೂಬು

ಇದೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ಒಂದು ಸಣ್ಣ ಟ್ಯೂಬು. ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿಯ ಕೆನ್ನೆಯ ಮೇಲೆ ಬಂಗು ಅಥವಾ ಕೆಂಪು. ಪಕ್ಕದ ಮನೆಯಾಕೆ, ‘ಇದನ್ನು ಹಚ್ಚಿ ನೋಡಿ, ನನಗೆ ನಾಲ್ಕೇ ದಿನಕ್ಕೆ ಹೋಯಿತು’ ಎಂದು ಒಂದು ಮುಲಾಮಿನ ಹೆಸರು ಹೇಳುತ್ತಾರೆ. ಅಂಗಡಿಯಲ್ಲಿ ಚೀಟಿ ಕೇಳುವುದಿಲ್ಲ. ವಾರದಲ್ಲಿ ಮುಖ ತಿಳಿಯಾಗುತ್ತದೆ, ಬಣ್ಣವೂ ಬಂದಂತೆ ಕಾಣುತ್ತದೆ. ಅದನ್ನು ಕಂಡ ಮಗಳು ತನ್ನ ಮೊಡವೆಗೂ ಅದನ್ನೇ ಹಚ್ಚುತ್ತಾಳೆ. ಮಗ ಗಡ್ಡ ಹೆರೆದ ಮೇಲೆ ಅದನ್ನೇ ಸವರಿಕೊಳ್ಳುತ್ತಾನೆ. ಮನೆಗೆಲ್ಲ ಒಂದೇ ಟ್ಯೂಬು.

ಅದರಲ್ಲಿರುವುದು ಸ್ಟಿರಾಯ್ಡ್. 1952ರಲ್ಲಿ ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಫಲ ಕಂಡಾಗ ಅದು ಚರ್ಮರೋಗ ಚಿಕಿತ್ಸೆಯಲ್ಲಿ ದೊಡ್ಡ ಹೆಜ್ಜೆಯೇ ಆಗಿತ್ತು. ಸರಿಯಾದ ರೋಗಕ್ಕೆ, ಸರಿಯಾದ ಅವಧಿಗೆ ಬಳಸಿದರೆ ಇಂದಿಗೂ ಅದು ಒಳ್ಳೆಯ ಮದ್ದು. ಆದರೆ ಆಮೇಲೆ ಅದಕ್ಕಿಂತ ನೂರಾರು ಪಟ್ಟು ಪ್ರಬಲವಾದ ಸ್ಟಿರಾಯ್ಡುಗಳು ಬಂದವು. ಇವು ರಕ್ತನಾಳಗಳನ್ನು ಬಲವಂತವಾಗಿ ಕುಗ್ಗಿಸುತ್ತವೆ, ಅದಕ್ಕೇ ಕೆಂಪು ಮಾಯ. ಮೈಬಣ್ಣ ಕೊಡುವ ಮೆಲನಿನ್ ತಯಾರಿಕೆಯನ್ನೂ ತಗ್ಗಿಸುತ್ತವೆ, ಅದಕ್ಕೇ ‘ಬೆಳ್ಳಗಾದ’ ಭ್ರಮೆ.

ತಿಂಗಳುಗಳು ಕಳೆದಂತೆ ಲೆಕ್ಕ ತಿರುಗುತ್ತದೆ. ಚರ್ಮ ತೆಳುವಾಗುತ್ತದೆ, ನಾಳಗಳು ಹೊರಗೆ ಕಾಣುತ್ತವೆ, ಗುಳ್ಳೆಗಳು ಏಳುತ್ತವೆ, ಹೆಣ್ಣುಮಕ್ಕಳ ಗಲ್ಲದ ಮೇಲೆ ಕೂದಲು ಮೂಡಬಹುದು. ಮುಲಾಮು ನಿಲ್ಲಿಸಿದರೆ ಅದುಮಿಟ್ಟ ನಾಳಗಳೆಲ್ಲ ಒಮ್ಮೆಗೇ ಹಿಗ್ಗಿ ಮುಖ ಬೆಂಕಿಯಾಗುತ್ತದೆ. ಹೆದರಿ ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಹೀಗೆ ಬಿಟ್ಟೆನೆಂದರೂ ಬಿಡದ ಚಟವಾಗಿಬಿಡುತ್ತದೆ. ರೊಸೇಶಿಯಾ ಇಲ್ಲದಿದ್ದ ಹದಿನಾರರ ಹುಡುಗಿಗೂ ರೊಸೇಶಿಯಾದಂಥದೇ ಮುಖ ಬರುವುದು ಹೀಗೆ.

ಇದು ಅಪರೂಪದ ಕಥೆಯೇನಲ್ಲ. ಭಾರತದ ಹಲವು ಕೇಂದ್ರಗಳ ಚರ್ಮರೋಗ ತಜ್ಞರು ಸೇರಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಗೆಂದು ಬಂದ 2926 ಜನರಲ್ಲಿ 433 ಮಂದಿ ಸ್ಟಿರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಮಾಡಿತು. ನಿಯಮ ಬಂದರೂ ಎಚ್ಚರ ನಮ್ಮದೇ.

ವಿದ್ಯಾರ್ಥಿಗಳು ಇಂದೇ ಒಂದು ಕೆಲಸ ಮಾಡಬಹುದು. ಮನೆಯಲ್ಲಿರುವ ಮುಲಾಮುಗಳನ್ನೆಲ್ಲ ಮೇಜಿನ ಮೇಲಿಟ್ಟು ಸಣ್ಣ ಅಕ್ಷರಗಳನ್ನು ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್, ಫ್ಲುಒಸಿನೊಲೋನ್, ಡೆಕ್ಸಾಮೆಥಸೋನ್ ಇವುಗಳಲ್ಲಿ ಯಾವುದಾದರೂ ಹೆಸರಿದ್ದರೆ ಅದು ಸ್ಟಿರಾಯ್ಡ್. ವೈದ್ಯರು ಹೇಳದೆ ಅದು ಮುಖಕ್ಕೆ ತಾಗಕೂಡದು. ಈಗಾಗಲೇ ಬಹುಕಾಲ ಹಚ್ಚುತ್ತಿದ್ದರೆ ಮುಚ್ಚಿಡದೆ ಟ್ಯೂಬನ್ನೇ ವೈದ್ಯರ ಬಳಿಗೆ ಒಯ್ಯಿರಿ. ಒಮ್ಮೆಗೇ ನಿಲ್ಲಿಸುವುದೋ, ಹಂತಹಂತವಾಗಿಯೋ ಎಂಬುದನ್ನು ಅವರು ಹೇಳುತ್ತಾರೆ. ಮೊದಲ ಕೆಲವು ವಾರ ಕಷ್ಟವೇ, ಚರ್ಮ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಆ ದಿನಗಳಲ್ಲಿ ಮನೆಯವರ ಧೈರ್ಯದ ಮಾತು ಅರ್ಧ ಮದ್ದು.

ದಿನದ ಆರೈಕೆ

ಉರಿಯುವ ಮುಖಕ್ಕೆ ಬೇಕಾದದ್ದು ಮೂರೇ.

ಒಂದು, ತೊಳೆಯುವುದು. ದಿನಕ್ಕೆ ಎರಡು ಸಲ, ತಣ್ಣನೆಯ ಅಥವಾ ಉಗುರುಬೆಚ್ಚನೆಯ ನೀರು, ವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್. ಬೆರಳ ತುದಿಯಿಂದ ಹಚ್ಚಿ ತೊಳೆದು, ಮೆತ್ತನೆಯ ಬಟ್ಟೆಯನ್ನು ಒತ್ತಿ ಒರೆಸಬೇಕು. ಉಜ್ಜಬಾರದು.

ಎರಡು, ತೇವ ಕಾಪಾಡುವುದು. ತೊಳೆದ ಮೇಲೆ ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಬೇಕು. ಕಿತ್ತುಹೋದ ಗಾರೆಯನ್ನು ಮತ್ತೆ ಮೆತ್ತುವ ಕೆಲಸ ಇದರದು. ಬೆಲೆ ಹೆಚ್ಚಾದಷ್ಟೂ ಗುಣ ಹೆಚ್ಚೆಂಬ ನಿಯಮವೇನೂ ಇಲ್ಲ.

ಮೂರು, ಬಿಸಿಲಿನಿಂದ ರಕ್ಷಣೆ. ರೊಸೇಶಿಯಾ ಕೆರಳಿಸುವವುಗಳಲ್ಲಿ ಬಿಸಿಲಿಗೆ ಮೊದಲ ಸಾಲು. ಕೊಡೆ, ಟೋಪಿ, ಸೆರಗು ಎಲ್ಲವೂ ಒಳ್ಳೆಯವೇ. ಎಸ್.ಪಿ.ಎಫ್. 30 ಅಥವಾ ಹೆಚ್ಚಿನ ಸನ್‌ಸ್ಕ್ರೀನು ಹಚ್ಚಿದರೆ ಇನ್ನೂ ಒಳ್ಳೆಯದು. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವಂಥದು ಸೂಕ್ಷ್ಮ ಚರ್ಮವನ್ನು ಅಷ್ಟಾಗಿ ಕೆರಳಿಸದು. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಸ್ಸಿನ ಕಿಟಕಿಯ ಗಾಜು ಮುಚ್ಚಿದರೂ ನೇರಳಾತೀತ ಕಿರಣದ ಒಂದು ಪಾಲು ಒಳಗೆ ಬಂದೇ ಬರುತ್ತದೆ.

ಹೊಸದೇನನ್ನೇ ತಂದರೂ ಒಂದೊಂದಾಗಿ ಶುರುಮಾಡಿ. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತೇವಲ್ಲವೇ? ಒಂದೇ ದಿನ ಮೂರು ಕ್ರೀಮು ಹಚ್ಚಿ ಮುಖ ಉರಿದರೆ ದೂರುವುದು ಯಾವುದನ್ನು? ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಗ್ಗುಲಲ್ಲಿ ಕೆಲವು ದಿನ ಹಚ್ಚಿ ನೋಡಿ, ಒಗ್ಗಿದರೆ ಮಾತ್ರ ಮುಖಕ್ಕೆ.

ಹಾಗೆಯೇ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮುಖ ಕೆಂಪೇರಿದ ದಿನ, ಹೊತ್ತು, ಅದಕ್ಕೆ ಮುನ್ನ ತಿಂದದ್ದು, ಮಾಡಿದ್ದು, ಮನಸ್ಸಿನ ಸ್ಥಿತಿ ಬರೆದಿಡಿ. ತಿಂಗಳಾದ ಮೇಲೆ ಓದಿದರೆ ಒಬ್ಬರಿಗೆ ಬಿಸಿಲು, ಇನ್ನೊಬ್ಬರಿಗೆ ಒಲೆಯ ಝಳ, ಮತ್ತೊಬ್ಬರಿಗೆ ಉಪ್ಪಿನಕಾಯಿಯ ಖಾರ ಕಾರಣವೆಂದು ತಿಳಿಯುತ್ತದೆ. ಆಗ ಬಿಡಬೇಕಾದದ್ದನ್ನು ಮಾತ್ರ ಬಿಟ್ಟರಾಯಿತು, ಎಲ್ಲರ ಮಾತು ಕೇಳಿ ಸಪ್ಪೆ ಊಟ ಮಾಡುವ ಶಿಕ್ಷೆ ಬೇಕಿಲ್ಲ. ಅಡುಗೆಯವರು ಒಲೆಯ ಎದುರಿನ ಕಿಟಕಿ ತೆರೆದು, ಹಬೆಗೆ ನೇರವಾಗಿ ಮುಖ ಒಡ್ಡದೆ, ಮನೆಮಂದಿಯೊಡನೆ ಕೆಲಸ ಹಂಚಿಕೊಂಡರೆ ಅದೂ ಒಂದು ಚಿಕಿತ್ಸೆಯೇ.

ವೈದ್ಯರ ಕೈಯಲ್ಲಿರುವುದು

ಗುಳ್ಳೆಗಳಿಗೆ ಹಚ್ಚಲು ಮೆಟ್ರೊನಿಡಜೋಲ್, ಅಜೆಲೇಯಿಕ್ ಆಮ್ಲ, ಐವರ್‌ಮೆಕ್ಟಿನ್ ಇವೆ. ಐವರ್‌ಮೆಕ್ಟಿನ್ ನುಸಿಯನ್ನು ಕೊಲ್ಲುವುದರ ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ. ಇದರ ಮೂಲ ಔಷಧವನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ದೊರೆಯಿತು. ಹೆಚ್ಚಿನ ತೊಂದರೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರು ಇದನ್ನು ಸೇವಿಸುವಂತಿಲ್ಲ, ಆದ್ದರಿಂದ ವಿಷಯ ಮುಚ್ಚಿಡಬಾರದು. ಖಾಯಂ ಆಗಿ ಹಿಗ್ಗಿದ ನಾಳಗಳಿಗೆ ಲೇಸರ್ ಚಿಕಿತ್ಸೆಯಿದೆ. ಯಾವ ಮದ್ದಾದರೂ ಫಲ ಕಾಣಲು ಸುಮಾರು ಆರರಿಂದ ಹನ್ನೆರಡು ವಾರ ಬೇಕು. ಒಂದು ವಾರಕ್ಕೇ ಬೇಸತ್ತು ವೈದ್ಯರನ್ನು ಬದಲಿಸಿದರೆ ಪ್ರಯೋಜನವಿಲ್ಲ. ನಾಲ್ಕೇ ದಿನದಲ್ಲಿ ಮುಖ ಹೊಳೆಯಿಸುವ ಮುಲಾಮು ಕಂಡರೆ ಮೊದಲು ಅನುಮಾನಿಸಿ, ಆಮೇಲೆ ಅದರ ಸಣ್ಣ ಅಕ್ಷರ ಓದಿ.

ಕೊನೆಯದಾಗಿ ಶಾಲೆಗೂ ಮನೆಗೂ ಸಲ್ಲುವ ಒಂದು ಮಾತು. ಮಕ್ಕಳು ಕದ್ದು ಟ್ಯೂಬು ಕೊಳ್ಳುವುದು ಚರ್ಮದ ತೊಂದರೆಗಿಂತ ಹೆಚ್ಚಾಗಿ ನಾಲಿಗೆಯ ಕಾಟಕ್ಕೆ. ‘ಏನಿದು ಮುಖ ಹೀಗಾಗಿದೆ?’, ‘ಸ್ವಲ್ಪ ಬಣ್ಣ ಬಂದಿದ್ದರೆ ಚೆನ್ನಾಗಿತ್ತು’ ಎಂದು ನೆಂಟರು ಆಡುವ ಮಾತು, ಗೆಳೆಯರು ಇಡುವ ಅಡ್ಡಹೆಸರು ನೇರವಾಗಿ ಔಷಧದಂಗಡಿಗೆ ದಾರಿ ತೋರಿಸುತ್ತವೆ. ಅಂಥ ಮಾತು ಕಿವಿಗೆ ಬಿದ್ದಾಗ ತಂದೆತಾಯಿ ಅಲ್ಲಿಯೇ ತಡೆಯಲಿ. ಮಗು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ ಗದರದೆ, ಮುಖ ಉರಿಯುತ್ತಿದೆಯೇ ಎಂದು ಕೇಳಲಿ, ಏನು ಹಚ್ಚುತ್ತಿದ್ದೀಯ ಎಂದು ಕೇಳಲಿ. ಉತ್ತರ ಬರಲು ಒಂದೆರಡು ದಿನ ಹಿಡಿದೀತು. ಬಂದ ದಿನ ಬೈಯದೆ, ಟ್ಯೂಬಿನ ಸಮೇತ ವೈದ್ಯರ ಬಳಿಗೆ ಕರೆದೊಯ್ಯಲಿ.